ಪರೀಕ್ಷೆಯ ಆಚೆಗಿನ ದಾರಿ: ಹಿಂದೂಪುರ–ಕಲ್ಯಾಣದುರ್ಗದಿಂದ ನೋಡಿದ ಕ್ಯಾನ್ಸರ್ ರಕ್ತಪರೀಕ್ಷೆಯ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಸಂಘಟಕರು ನನಗೆ ಕೊಟ್ಟ ವಿಷಯ ‘ಕ್ಯಾನ್ಸರ್ ತಪಾಸಣೆಯ ಭವಿಷ್ಯ’. ನಾನು ಚರಿತ್ರೆಯ ವಿದ್ಯಾರ್ಥಿ, ವೈದ್ಯ ಅಲ್ಲ. ಹಾಗಾಗಿ ಭವಿಷ್ಯದ ಮಾತಿಗೆ ಹಿಂದಿನಿಂದಲೇ ಬರಬೇಕಾಗುತ್ತೆ. ಅದನ್ನೂ ನಮ್ಮೂರಿನ ಕಡೆಯಿಂದಲೇ ಹೇಳ್ತೀನಿ.

1. ಮನೆಯ ಎರಡು ಚೀಟಿಗಳು

ನಮ್ಮದು ಹಿಂದೂಪುರ. ಅಪ್ಪನಿಗೆ ಹುಣಸೆಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆಯೋ ಕೆಲಸ. ಅಮ್ಮನ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತೆಲುಗು, ದೊಡ್ಡ ಕಾಯಿಲೆ ಬಂದರೆ ಬೆಂಗಳೂರು. ಈ ಮೂರೂ ನಮಗೆ ಸಹಜವಾಗಿದ್ದವು.

1996ರಲ್ಲಿ ನಮ್ಮ ದೊಡ್ಡಮ್ಮನಿಗೆ ಗರ್ಭಕೊರಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ‘ಇದನ್ನೆಲ್ಲ ಯಾರ ಹತ್ರ ಹೇಳ್ಕೊಳ್ಳೋದು ಕಣೇ’ ಅಂತ ಆಮೇಲೆ ಅಮ್ಮನ ಹತ್ತಿರ ಅತ್ತರಂತೆ. ಪಾವಗಡದ ದಾರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಕರಕೊಂಡು ಹೋಗುವಷ್ಟರಲ್ಲಿ ಮೂರನೇ ಹಂತ. ವಿಕಿರಣ ಚಿಕಿತ್ಸೆ ಆಯಿತು. ಎರಡು ವರ್ಷ ಬದುಕಿದರು.

ಎರಡನೆಯದು 2023ರ ಮಾತು. ಹಿಂದೂಪುರದಲ್ಲೇ ಇರುವ ನನ್ನ ಚಿಕ್ಕಪ್ಪನ ಮಗಳು, ವಯಸ್ಸು ಮೂವತ್ತೆಂಟು, ಒಂದು ಲ್ಯಾಬಿನ ಹಬ್ಬದ ರಿಯಾಯಿತಿ ಪ್ಯಾಕೇಜಿನಲ್ಲಿ ರಕ್ತ ಕೊಟ್ಟಳು. ಸಕ್ಕರೆ, ಥೈರಾಯ್ಡ್ ಜೊತೆಗೆ ‘ಕ್ಯಾನ್ಸರ್ ಮಾರ್ಕರ್’ ಅಂತ ಸಿಎ-125 ಕೂಡ ಸೇರಿತ್ತು. 35ರ ಒಳಗೆ ಇರಬೇಕಾದ್ದು 61 ಬಂತು. ವರದಿಯಲ್ಲಿ ಆ ಅಂಕಿ ದಪ್ಪ ಅಕ್ಷರದಲ್ಲಿತ್ತು. ಅದರ ಅರ್ಥ ಹೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ. ಸ್ಕ್ಯಾನು, ಇನ್ನೊಂದು ಸ್ಕ್ಯಾನು, ಬೆಂಗಳೂರಿಗೆ ನಾಲ್ಕು ಸಲ ಓಡಾಟ, ಒತ್ತೆ ಇಟ್ಟ ಬಳೆ. ಕೊನೆಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ, ಕ್ಯಾನ್ಸರ್ ಅಲ್ಲ ಅಂದರು. ಫೈಬ್ರಾಯ್ಡ್, ಎಂಡೋಮೆಟ್ರಿಯೋಸಿಸ್, ಹೊಟ್ಟೆಯ ಕ್ಷಯ, ಅಷ್ಟೇ ಯಾಕೆ, ಮುಟ್ಟಿನ ದಿನಗಳಲ್ಲೂ ಈ ಅಂಕಿ ಏರುತ್ತದೆ. ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಮೂರು ತಿಂಗಳ ನಿದ್ದೆ ಉಳಿಯುತ್ತಿತ್ತು.

ಈ ಎರಡು ಚೀಟಿಗಳನ್ನೂ ಮುಂದೆ ಇಟ್ಟುಕೊಂಡು ನಾನು ಈ ಚರಿತ್ರೆ ಓದಿದೆ. ದೊಡ್ಡಮ್ಮನ ಕಾಯಿಲೆಗೆ ಪರೀಕ್ಷೆ ಇತ್ತು, ಆದರೆ ಅವರ ತನಕ ಬರಲಿಲ್ಲ. ತಂಗಿಯ ತನಕ ಪರೀಕ್ಷೆ ತಾನಾಗಿಯೇ ಬಂತು, ಆದರೆ ಅದು ಅವಳಿಗೆ ಬೇಕಾದ್ದಾಗಿರಲಿಲ್ಲ. ನನ್ನ ವಾದ ಇಷ್ಟೇ: ಈ ಎರಡೂ ಬೇರೆ ಬೇರೆ ತಪ್ಪುಗಳಲ್ಲ. ಪರೀಕ್ಷೆಗೆ ಮುಂಚೆ ಮತ್ತು ಪರೀಕ್ಷೆಯ ಆಮೇಲೆ ಹೊಣೆ ಹೊರುವವರು ಇಲ್ಲದಿದ್ದಾಗ ಎರಡೂ ನಡೆಯುತ್ತವೆ.

2. ಗಡಿಯ ರೋಗಿ ಯಾವ ಪುಟದಲ್ಲಿ?

1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಸೇರಿತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕನ್ನಡ ಮನೆಗಳು ಆಂಧ್ರದಲ್ಲೇ ಉಳಿದವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಯೂ ಒಡೆಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಕ್ಷೆ ಹೀಗೆ ಬದಲಾದರೂ ರೋಗಿಯ ದಾರಿ ಹೆಚ್ಚು ಬದಲಾಗಲಿಲ್ಲ.

1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಯಿತು. ನಮ್ಮ ಕಡೆಯವರ ಬಾಯಲ್ಲಿ ‘ಕಿದ್ವಾಯಿಗೆ ಹೋದರು’ ಅಂದರೆ ಯಾವ ಕಾಯಿಲೆ ಅಂತ ಬೇರೆ ಹೇಳಬೇಕಾಗಿಲ್ಲ. 1982ರ ಜನವರಿಯಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಲ್ಲಿ ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ದಾಖಲಾತಿ ಆರಂಭವಾಯಿತು. ಬೆಂಗಳೂರಿನದನ್ನು ನಡೆಸಿದ್ದು ಕಿದ್ವಾಯಿ. ಇಂಥ ದಾಖಲಾತಿಗೆ ಒಂದು ಕಟ್ಟುನಿಟ್ಟಾದ ನಿಯಮ ಇದೆ. ಆ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ಎಣಿಸಬೇಕು. ಶಾಸ್ತ್ರಕ್ಕೆ ಅದು ಸರಿ, ಇಲ್ಲದಿದ್ದರೆ ಲಕ್ಷಕ್ಕೆ ಎಷ್ಟು ಅನ್ನುವ ಲೆಕ್ಕವೇ ಕೂಡುವುದಿಲ್ಲ. ಆದರೆ ಇದರ ಅರ್ಥ ನೋಡಿ: ಹಿಂದೂಪುರದಿಂದ ರೈಲು ಹತ್ತಿ ಬಂದ ಹೆಂಗಸು ಬೆಂಗಳೂರಿನ ಆಸ್ಪತ್ರೆಯ ಕಡತದಲ್ಲಿ ಇರುತ್ತಾಳೆ, ಬೆಂಗಳೂರಿನ ದರದಲ್ಲಿ ಇರುವುದಿಲ್ಲ.

ಇನ್ನು ದುಡ್ಡಿನ ಕಥೆ. 2007ರ ಏಪ್ರಿಲ್‌ನಲ್ಲಿ ಆಂಧ್ರದಲ್ಲಿ ಆರೋಗ್ಯಶ್ರೀ ಶುರುವಾದಾಗ ಮೊದಲ ಹಂತಕ್ಕೆ ಆರಿಸಿದ ಮೂರು ಜಿಲ್ಲೆಗಳಲ್ಲಿ ಅನಂತಪುರ ಒಂದು. ಉಳಿದೆರಡು ಮಹಬೂಬ್‌ನಗರ ಮತ್ತು ಶ್ರೀಕಾಕುಳಂ. ಕ್ಯಾನ್ಸರ್ ಚಿಕಿತ್ಸೆಗೆ ಆಸ್ತಿ ಮಾರಬೇಕು ಅನ್ನುವ ಸ್ಥಿತಿ ಆಗ ಸ್ವಲ್ಪ ಸಡಿಲವಾಯಿತು. ಆದರೆ ಕಾರ್ಡು ನಡೆಯುವುದು ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ. ಬೆಂಗಳೂರು, ಚೆನ್ನೈ, ಹೈದರಾಬಾದಿನ ಆಯ್ದ ಆಸ್ಪತ್ರೆಗಳಿಗೆ ಅದನ್ನು ವಿಸ್ತರಿಸಿದ್ದು 2019ರ ನವೆಂಬರಿನಲ್ಲಿ. ಅಲ್ಲಿಯ ತನಕ ನಮ್ಮವರ ಕಾಲು ಒಂದು ಕಡೆ ಎಳೆದರೆ ಕಾರ್ಡು ಇನ್ನೊಂದು ಕಡೆ ಎಳೆಯುತ್ತಿತ್ತು. ಮುಖ್ಯವಾಗಿ, ಆ ಕಾರ್ಡು ಕಾಯಿಲೆ ಗೊತ್ತಾದ ಮೇಲಿನ ಚಿಕಿತ್ಸೆಗೆ. ಕಾಯಿಲೆ ಬೇಗ ಗೊತ್ತಾಗುವುದಕ್ಕೆ ಯಾವ ದಾರಿ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

3. ರಕ್ತದಲ್ಲಿ ಗುರುತು ಹುಡುಕಿದವರು

ಈಗ ಪರೀಕ್ಷೆಯ ಚರಿತ್ರೆಗೆ ಬರೋಣ. ದೇಹದ ದ್ರವದಲ್ಲಿ ಕ್ಯಾನ್ಸರಿನ ಗುರುತು ಮೊದಲು ಸಿಕ್ಕಿದ್ದು ರಕ್ತದಲ್ಲಲ್ಲ, ಮೂತ್ರದಲ್ಲಿ. 1840ರ ದಶಕದಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಒಬ್ಬ ರೋಗಿಯ ಮೂತ್ರದಲ್ಲಿ ವಿಚಿತ್ರ ಪ್ರೋಟೀನು ಕಂಡರು. ಕುದಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಹೆಪ್ಪುಗಟ್ಟುತ್ತಿತ್ತು. ಅದು ಮೂಳೆಮಜ್ಜೆಯ ಕ್ಯಾನ್ಸರಿನ ಗುರುತು ಅಂತ ಆಮೇಲೆ ಸ್ಪಷ್ಟವಾಯಿತು.

ರಕ್ತದ ಸರದಿ ಬಂದದ್ದು ನೂರು ವರ್ಷ ಕಳೆದ ಮೇಲೆ. 1965ರಲ್ಲಿ ಮಾಂಟ್ರಿಯಲ್ಲಿನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ದೊಡ್ಡ ಕರುಳಿನ ಗೆಡ್ಡೆಯಿಂದ ಸಿಇಎ ಎನ್ನುವ ವಸ್ತುವನ್ನು ಬೇರ್ಪಡಿಸಿದರು. ಒಂದು ತೊಟ್ಟು ರಕ್ತದಲ್ಲಿ ಕ್ಯಾನ್ಸರ್ ಹಿಡಿಯಬಹುದು ಅನ್ನುವ ಆಸೆ ಅಲ್ಲಿಂದ ಬೆಳೆಯಿತು. 1981ರಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಸಿಎ-125 ಗುರುತಿಸುವ ದಾರಿ ತೋರಿಸಿದರು. ಪ್ರೊಸ್ಟೇಟಿನ ಪಿಎಸ್‌ಎ ಪರೀಕ್ಷೆಗೆ ಅಮೆರಿಕ 1986ರಲ್ಲಿ ಒಪ್ಪಿಗೆ ಕೊಟ್ಟದ್ದು ಚಿಕಿತ್ಸೆಯಲ್ಲಿರುವವರ ಮೇಲೆ ಕಣ್ಣಿಡಲು. 1994ರಲ್ಲಿ ಅದನ್ನೇ ಹೊಸದಾಗಿ ಪತ್ತೆಹಚ್ಚಲೂ ಬಳಸಬಹುದು ಅಂದಿತು.

ಇಲ್ಲಿ ಒಂದು ಮಾದರಿ ಕಾಣುತ್ತೆ. ರೋಗಿ ಅಂತ ಗೊತ್ತಿರುವವರಲ್ಲಿ ಕಾಯಿಲೆ ಹೆಚ್ಚಾಯಿತೇ ಕಡಿಮೆಯಾಯಿತೇ ನೋಡಲು ಹುಟ್ಟಿದ ಪರೀಕ್ಷೆ ನಿಧಾನವಾಗಿ ಆರೋಗ್ಯವಂತರ ಕಡೆಗೆ ಸರಿಯುತ್ತದೆ. ನನ್ನ ತಂಗಿಯ ಪ್ಯಾಕೇಜಿಗೆ ಸಿಎ-125 ಬಂದದ್ದು ಇದೇ ದಾರಿಯಲ್ಲಿ.

4. ಬೇಗ ಸಿಕ್ಕಿದರೆ ಸಾಕೇ?

‘ಬೇಗ ಗೊತ್ತಾದರೆ ಬದುಕ್ತಾರೆ’ ಅಂತ ನಾವೆಲ್ಲ ನಂಬಿದ್ದೀವಿ. ಬಹಳ ಸಲ ಅದು ನಿಜ. ಯಾವಾಗಲೂ ನಿಜವಲ್ಲ ಅಂತ ಕಲಿಯಲು ವೈದ್ಯಲೋಕಕ್ಕೆ ದೊಡ್ಡ ಬೆಲೆ ತೆರಬೇಕಾಯಿತು.

ಜಪಾನಿನಲ್ಲಿ 1980ರ ದಶಕದ ಮಧ್ಯದಿಂದ ಆರು ತಿಂಗಳ ಕೂಸುಗಳ ಮೂತ್ರ ಪರೀಕ್ಷಿಸಿ ನ್ಯೂರೋಬ್ಲಾಸ್ಟೋಮಾ ಎಂಬ ಗೆಡ್ಡೆ ಹುಡುಕಿದರು. ಬೇಕಾದಷ್ಟು ಸಿಕ್ಕವು. ಆದರೆ ಸಿಕ್ಕವುಗಳಲ್ಲಿ ಎಷ್ಟೋ ತಾವಾಗಿಯೇ ಕರಗಿಹೋಗುವಂಥವು. ಕೊಲ್ಲುವಂಥವು ಪರೀಕ್ಷೆಗೆ ಸಿಗದೆ ಆಮೇಲೆ ಬರುತ್ತಿದ್ದವು. ಜರ್ಮನಿ ಮತ್ತು ಕೆನಡಾದ ಕ್ವಿಬೆಕ್‌ನ ಅಧ್ಯಯನಗಳು ಇಂಥ ತಪಾಸಣೆಯಿಂದ ಸಾವು ಕಡಿಮೆಯಾಗಿಲ್ಲ ಅಂತ 2002ರಲ್ಲಿ ತೋರಿಸಿದವು. 2003ರಲ್ಲಿ ಜಪಾನ್ ಸರ್ಕಾರ ಅದನ್ನು ನಿಲ್ಲಿಸಲು ತೀರ್ಮಾನಿಸಿತು. ಅಷ್ಟರಲ್ಲಿ ಬೇಡದ ಶಸ್ತ್ರಚಿಕಿತ್ಸೆಗೆ ಒಳಗಾದ ಕೂಸುಗಳೂ ಇದ್ದವು.

ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆಯ ಸ್ಕ್ಯಾನ್ ಅಗ್ಗವಾಗಿ ಸಿಗತೊಡಗಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ದರ 1993ರ ಹದಿನೈದು ಪಟ್ಟಾಯಿತು. ಸಾವಿನ ದರ ಮಾತ್ರ ಇದ್ದಲ್ಲೇ ಇತ್ತು.

ಸಿಎ-125ರ ಮೇಲೂ ತೀರ್ಪು ಬಂತು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು 2001ರಿಂದ ಸೇರಿಸಿಕೊಂಡ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ವರ್ಷವರ್ಷ ರಕ್ತ ನೋಡಿದ ಗುಂಪಿನಲ್ಲಿ ಅಂಡಾಶಯದ ಕ್ಯಾನ್ಸರ್ ಮೊದಲ ಹಂತದಲ್ಲಿ ಸಿಕ್ಕವರು ಹೆಚ್ಚಾದರು, ಕೊನೆಯ ಹಂತದವರು ಕಡಿಮೆಯಾದರು. ಆದರೂ ಸತ್ತವರ ಸಂಖ್ಯೆ ಇಳಿಯಲಿಲ್ಲ. ಈ ವಾಕ್ಯವನ್ನು ನಾನು ಮೊದಲು ಓದಿದಾಗ ನಂಬಲಿಲ್ಲ, ಮತ್ತೆ ಓದಿದೆ. ಹಂತ ಬದಲಾಯಿತು, ಹಣೆಬರಹ ಬದಲಾಗಲಿಲ್ಲ.

ಇದನ್ನೆಲ್ಲ ಮುಂಚೆಯೇ ಊಹಿಸಿದ್ದ ಒಂದು ಸಣ್ಣ ಪುಸ್ತಕ ಇದೆ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ತಪಾಸಣೆಗೆ ಹತ್ತು ಸೂತ್ರ ಬರೆದರು. ಕಾಯಿಲೆ ದೊಡ್ಡದಿರಬೇಕು, ಚಿಕಿತ್ಸೆ ಇರಬೇಕು, ಪತ್ತೆ ಮತ್ತು ಚಿಕಿತ್ಸೆಗೆ ಬೇಕಾದ ಸೌಕರ್ಯ ಕೈಗೆ ಸಿಗುವಂತಿರಬೇಕು, ಪರೀಕ್ಷೆಯನ್ನು ಜನ ಒಪ್ಪಬೇಕು. ಇದು ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ, ಸದಾ ನಡೆಯಬೇಕಾದ್ದು. ಹತ್ತರಲ್ಲಿ ಹೆಚ್ಚಿನವು ಪರೀಕ್ಷೆಯ ಬಗ್ಗೆ ಅಲ್ಲವೇ ಅಲ್ಲ, ಅದರ ಹಿಂದುಮುಂದಿನ ವ್ಯವಸ್ಥೆಯ ಬಗ್ಗೆ.

ಇದಕ್ಕೆ ಒಳ್ಳೆಯ ಸಾಕ್ಷಿ ಪ್ಯಾಪ್ ಪರೀಕ್ಷೆ. ಜಾರ್ಜ್ ಪ್ಯಾಪನಿಕೊಲಾವ್ ಅವರ ಪುಸ್ತಕ ಬಂದದ್ದು 1943ರಲ್ಲಿ. ಬ್ರಿಟನ್ನಿನಲ್ಲಿ 1960ರ ದಶಕದಿಂದ ಈ ಪರೀಕ್ಷೆ ನಡೆಯುತ್ತಿತ್ತು, ಆದರೆ ಬಂದವರಿಗೆ ಮಾಡುತ್ತಿದ್ದರು, ಬಾರದವರನ್ನು ಕೇಳುವವರಿರಲಿಲ್ಲ. 1988ರಲ್ಲಿ ಪಟ್ಟಿ ಹಿಡಿದು ಪ್ರತಿ ಹೆಂಗಸಿಗೂ ಕಾಗದ ಬರೆದು ಕರೆಯುವ ಪದ್ಧತಿ ಬಂದ ಮೇಲೆ ಕಾಯಿಲೆ ಸ್ಪಷ್ಟವಾಗಿ ಇಳಿಯಿತು. ಪರೀಕ್ಷೆ ಅದೇ. ಬದಲಾದದ್ದು ಪಟ್ಟಿ ಮತ್ತು ಅಂಚೆ.

5. ಉಸ್ಮಾನಾಬಾದಿನ ಪಾಠ

‘ಅದು ಬ್ರಿಟನ್ ಸಾರ್, ನಮ್ಮಲ್ಲಿ ಆಗುತ್ತಾ?’ ಅಂತ ಕೇಳಬಹುದು. ಆಗಿದೆ, ನಮ್ಮಂಥದ್ದೇ ನೆಲದಲ್ಲಿ. ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ, ನಮ್ಮ ಬೀದರ್–ಕಲಬುರಗಿಗೆ ತಾಗಿದ ಜಿಲ್ಲೆ. ಅನಂತಪುರದ ಹಾಗೇ ಮಳೆ ಕೈಕೊಡುವ ಬಯಲು. ಅಲ್ಲಿ 1999ರಿಂದ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ಹಳ್ಳಿಗಳ 52 ಗುಂಪುಗಳಾಗಿ ಮಾಡಿ ಅಧ್ಯಯನ ನಡೆಯಿತು. ಟಾಟಾ ಸ್ಮಾರಕ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ನಡೆಸಿದ ಕೆಲಸ. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ವೈರಸ್ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತವರು 34. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಈ ವರದಿ 2009ರಲ್ಲಿ ಬಂತು.

ಮುಂಬಯಿಯ ಕೊಳೆಗೇರಿಗಳಲ್ಲಿ ಇನ್ನೂ ಸರಳ ದಾರಿ ಹಿಡಿದರು. ತರಬೇತಿ ಪಡೆದ ಸ್ಥಳೀಯ ಹೆಂಗಸರು ಗರ್ಭಕೊರಳಿಗೆ ವಿನೆಗರ್ ಥರದ ದ್ರಾವಣ ಸವರಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಬಂತೇ ನೋಡಿದರು. ಸಾವು ಶೇ. 31ರಷ್ಟು ಇಳಿಯಿತು. ತಿರುವನಂತಪುರದಲ್ಲಿ ಬಾಯಿ ತೆರೆಸಿ ನೋಡಿದ್ದಷ್ಟರಿಂದಲೇ ಹೊಗೆಸೊಪ್ಪು, ಹೆಂಡದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು. ಇದು ನಮಗೆ ತೀರಾ ಹತ್ತಿರದ ವಿಷಯ. ಪಕ್ಕದ ಕೋಲಾರದಲ್ಲಿ ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಉಂಡೆಯನ್ನು ದವಡೆಗೆ ಒತ್ತಿಕೊಂಡೇ ಮಲಗುವ ಹೆಂಗಸರ ಬಾಯಿ ಕ್ಯಾನ್ಸರ್ ಬಗ್ಗೆ ಅಲ್ಲಿಯ ವೈದ್ಯರು ಬಹಳ ಬರೆದಿದ್ದಾರೆ. ಅದನ್ನು ಕಾಣಲು ಬೇಕಾದ್ದು ಒಂದು ಟಾರ್ಚು.

ಈ ಅಧ್ಯಯನಗಳ ಮೇಲೆ ಒಂದು ಕಪ್ಪು ಪ್ರಶ್ನೆಯೂ ಇದೆ, ಅದನ್ನು ಮುಚ್ಚಿಡಬಾರದು. ಹೋಲಿಕೆಗೆ ಅಂತ ತಪಾಸಣೆ ಇಲ್ಲದೆ ಬಿಟ್ಟ ಗುಂಪಿನ ಹೆಂಗಸರು ಸತ್ತದ್ದು ನ್ಯಾಯವೇ ಅನ್ನುವ ನೈತಿಕ ಚರ್ಚೆ ದೊಡ್ಡದಾಗಿಯೇ ನಡೆಯಿತು. ನನಗೆ ಅನ್ನಿಸುವುದು: ಆ ಹೆಂಗಸರ ಋಣ ತೀರಿಸುವ ಒಂದೇ ದಾರಿ, ಅವರಿಂದ ಕಲಿತದ್ದನ್ನು ಎಲ್ಲ ಹಳ್ಳಿಗೂ ಮುಟ್ಟಿಸುವುದು. ಮುಟ್ಟಿಸಿದ್ದೇವೆಯೇ? 2016ರಲ್ಲಿ ಕೇಂದ್ರ ಸರ್ಕಾರ ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಯ ಮಾರ್ಗಸೂಚಿ ತಂದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 30–49ರ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆ ಎಂದಾದರೂ ಆದವರು ಶೇ. 1.9. ಸ್ತನದ್ದು ಶೇ. 0.9.

6. ಹೊಸ ರಕ್ತಪರೀಕ್ಷೆಗಳು

ಈಗ ಎಲ್ಲರೂ ಕಾಯುತ್ತಿರುವ ಭಾಗ. ರಕ್ತದಲ್ಲಿ ಜೀವಕೋಶದ ಹೊರಗೆ ತೇಲುವ ಡಿಎನ್‌ಎ ಇದೆ ಅಂತ 1948ರಲ್ಲೇ ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೆ ಬರೆದಿದ್ದರು. ದಶಕಗಳ ಕಾಲ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 1997ರಲ್ಲಿ ಡೆನಿಸ್ ಲೋ ತಾಯಿಯ ರಕ್ತದಲ್ಲಿ ಗರ್ಭದ ಶಿಶುವಿನ ಡಿಎನ್‌ಎ ಕಂಡರು. ಗೆಡ್ಡೆಯ ಡಿಎನ್‌ಎ ರಕ್ತಕ್ಕೆ ಬರುವುದಾದರೆ ಮಗುವಿನದು ಯಾಕೆ ಬರಬಾರದು ಅನ್ನುವುದು ಅವರ ತರ್ಕ. ಆಮೇಲೆ ಗರ್ಭಿಣಿಯರ ಈ ಪರೀಕ್ಷೆ ವ್ಯಾಪಕವಾದಾಗ ಕೆಲವರ ಫಲಿತಾಂಶ ವಿಚಿತ್ರವಾಗಿ ಬಂತು. ಮಗು ಚೆನ್ನಾಗಿತ್ತು. ತಾಯಿಗೇ ಗೊತ್ತಿಲ್ಲದ ಕ್ಯಾನ್ಸರ್ ಇತ್ತು!

ಅಲ್ಲಿಂದ ಮುಂದೆ ಅನೇಕ ಕ್ಯಾನ್ಸರುಗಳನ್ನು ಒಂದೇ ರಕ್ತದಲ್ಲಿ ಹುಡುಕುವ ಪರೀಕ್ಷೆಗಳು ಬಂದವು. ಡಿಎನ್‌ಎ ಮೇಲೆ ಮೀಥೈಲ್ ಗುರುತುಗಳು ಕೂತ ರೀತಿ ನೋಡಿ, ಇದು ಯಾವ ಅಂಗದಿಂದ ಬಂದಿರಬಹುದು ಅಂತ ಊಹಿಸುತ್ತವೆ. ಅಮೆರಿಕದ ಗ್ಯಾಲರಿ ಪರೀಕ್ಷೆ 2021ರಲ್ಲಿ ಬಂತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಕಟ್ಟಿದ, ಈಗ ರಿಲಯನ್ಸ್ ಒಡೆತನದಲ್ಲಿರುವ ಸ್ಟ್ರಾಂಡ್ ಲೈಫ್ ಸೈನ್ಸಸ್ 2024ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ಸ್ಪಾಟ್ ಎಂಬ ಇಂಥದ್ದೇ ಪರೀಕ್ಷೆ ಬಿಡುಗಡೆ ಮಾಡಿತು. ಅಂದರೆ ಹಿಂದೂಪುರದಿಂದ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರಕ್ಕೆ ಈ ಭವಿಷ್ಯ ಬಂದಿದೆ.

ಅಂಕಿಗಳನ್ನು ತಣ್ಣಗೆ ನೋಡೋಣ. 2021ರ ಗ್ಯಾಲರಿ ಅಧ್ಯಯನದಲ್ಲಿ ನಾಲ್ಕನೇ ಹಂತದ ಕ್ಯಾನ್ಸರ್ ನೂರಕ್ಕೆ ತೊಂಬತ್ತು ಸಿಕ್ಕಿತು, ಮೊದಲ ಹಂತದ್ದು ನೂರಕ್ಕೆ ಹದಿನೇಳು. ಬೇಗ ಹಿಡಿಯಬೇಕಾದ ಜಾಗದಲ್ಲೇ ಬಲೆಯ ಕಣ್ಣು ದೊಡ್ಡದಾಗಿದೆ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 6,621 ಜನರಲ್ಲಿ 92 ಮಂದಿಗೆ ‘ಸೂಚನೆ ಇದೆ’ ಅಂತ ಬಂತು. ನಿಜವಾಗಿ ಕ್ಯಾನ್ಸರ್ ಇದ್ದದ್ದು 35 ಮಂದಿಗೆ.

ಇದನ್ನು ನಮ್ಮ ತಾಲ್ಲೂಕಿಗೆ ತಂದು ಒಂದು ಲೆಕ್ಕ ಹಾಕೋಣ, ಬರೀ ಉದಾಹರಣೆಗೆ. ಒಂದು ಲಕ್ಷ ಜನ, ಅವರಲ್ಲಿ 200 ಮಂದಿಗೆ ಕ್ಯಾನ್ಸರ್, ಪರೀಕ್ಷೆ ಅರ್ಧದಷ್ಟನ್ನು ಹಿಡಿಯುತ್ತೆ ಅಂತಿಟ್ಟುಕೊಳ್ಳಿ: 100 ಮಂದಿ ಸಿಕ್ಕರು. ಆರೋಗ್ಯವಂತರಲ್ಲಿ ನೂರಕ್ಕೆ ಅರ್ಧ ಮಾತ್ರ ತಪ್ಪು ಅಂದರೂ ಹತ್ತಿರಹತ್ತಿರ 500 ಮಂದಿಗೆ ಸುಳ್ಳು ಸೂಚನೆ. ಒಟ್ಟು 600 ಜನ ಚೀಟಿ ಹಿಡಿದು ನಿಂತಿರುತ್ತಾರೆ. ಅವರಲ್ಲಿ ಯಾರು ಆ ನೂರು, ಯಾರು ಈ ಐನೂರು? ಅದನ್ನು ಹೇಳಲು ಸ್ಕ್ಯಾನು, ಬಯಾಪ್ಸಿ, ಅದನ್ನು ಓದುವ ವೈದ್ಯರು ಬೇಕು. ಅವರೆಲ್ಲ ಇನ್ನೂ ಬಸ್ಸಿನ ದಾರಿಯ ಆ ತುದಿಯಲ್ಲೇ ಇದ್ದಾರೆ.

ಹಾಗಂತ ರಕ್ತಪರೀಕ್ಷೆಯೇ ಸೋತಿದೆ ಅಂತ ನಾನು ಹೇಳ್ತಿಲ್ಲ. ಹಾಂಗ್‌ಕಾಂಗಿನಲ್ಲಿ ಇದೇ ಲೋ ಅವರ ತಂಡ 20,174 ಗಂಡಸರ ರಕ್ತದಲ್ಲಿ ಎಪ್‌ಸ್ಟೀನ್–ಬಾರ್ ವೈರಸ್ಸಿನ ಡಿಎನ್‌ಎ ಹುಡುಕಿತು. ಅಲ್ಲಿ ಹೆಚ್ಚಾಗಿರುವ ಮೂಗಿನ ಹಿಂಭಾಗದ ಕ್ಯಾನ್ಸರಿಗೆ ಅದು ಗುರುತು. ಮೊದಲ ಸಲ ಪಾಸಿಟಿವ್ ಬಂದವರನ್ನು ಹೆದರಿಸದೆ ಕೆಲವು ವಾರ ಬಿಟ್ಟು ಮತ್ತೆ ನೋಡಿದರು. ಎರಡು ಸಲವೂ ಬಂದ 309 ಮಂದಿಯನ್ನು ಎಂಡೋಸ್ಕೋಪಿಗೆ ಕರೆದರು. 34 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು, ಹೆಚ್ಚಿನವು ಆರಂಭದ ಹಂತದಲ್ಲಿ. ಒಂದು ಊರು, ಆ ಊರಿನ ಒಂದು ಕಾಯಿಲೆ, ಪರೀಕ್ಷೆಯ ಮರುದಿನ ಏನು ಅಂತ ಮೊದಲೇ ಗೊತ್ತು. ಫಲ ಸಿಕ್ಕಿದ್ದು ಅದರಿಂದ.

7. ಕೊನೆಯ ಮಾತು

ಆದ್ದರಿಂದ ‘ಈ ಪರೀಕ್ಷೆ ಎಷ್ಟು ಚೆನ್ನಾಗಿದೆ?’ ಅನ್ನುವ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದನ್ನು ಇಡಬೇಕು ಅಂತ ನನ್ನ ವಿನಂತಿ. ಕಲ್ಯಾಣದುರ್ಗದ ಒಬ್ಬ ಹೆಂಗಸಿಗೆ ಸೋಮವಾರ ಪಾಸಿಟಿವ್ ಅಂತ ಬಂದರೆ ಮಂಗಳವಾರ ಅವಳು ಎಲ್ಲಿಗೆ ಹೋಗಬೇಕು, ಯಾವ ಭಾಷೆಯಲ್ಲಿ ಹೇಳುತ್ತಾರೆ, ಯಾವ ಕಾರ್ಡು ನಡೆಯುತ್ತೆ, ಅವಳ ಹೆಸರು ಯಾವ ಪುಸ್ತಕಕ್ಕೆ ಏರುತ್ತೆ? ಇದಕ್ಕೆ ಉತ್ತರ ಇದ್ದರೆ ವಿನೆಗರ್ ಕೂಡ ಜೀವ ಉಳಿಸುತ್ತೆ. ಇಲ್ಲದಿದ್ದರೆ ಅತಿ ದುಬಾರಿ ಪರೀಕ್ಷೆಯೂ ಬರೀ ಭಯ ಹಂಚುತ್ತೆ.

ಪ್ರಶ್ನೋತ್ತರ

ಪ್ರಶ್ನೆ: ನನಗೆ ಐವತ್ತೆರಡು. ಶಕ್ತಿ ಇದೆ, ದುಡ್ಡು ಕೊಟ್ಟು ರಕ್ತಪರೀಕ್ಷೆ ಮಾಡಿಸಿಕೊಂಡರೆ ತಪ್ಪೇನು?

ತಪ್ಪು ಅನ್ನಲ್ಲ. ನಿಮ್ಮ ವೈದ್ಯರನ್ನು ಕೇಳಿ, ನಾನು ಸಲಹೆ ಕೊಡಲಾರೆ. ಎರಡು ಮಾತು ನೆನಪಿಡಿ ಅಂತೀನಿ. ‘ಸೂಚನೆ ಇಲ್ಲ’ ಅಂತ ಬಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥವಲ್ಲ, ಅದಕ್ಕೇ ಮಾಮೂಲು ತಪಾಸಣೆ ಬಿಡಬೇಡಿ. ‘ಇದೆ’ ಅಂತ ಬಂದರೆ ಮುಂದೆ ಯಾರ ಹತ್ತಿರ ಹೋಗ್ತೀರಿ ಅಂತ ರಕ್ತ ಕೊಡುವ ಮುಂಚೆಯೇ ಗೊತ್ತು ಮಾಡ್ಕೊಳ್ಳಿ.

ಪ್ರಶ್ನೆ: ಒಳಪರೀಕ್ಷೆಗೆ ನಮ್ಮ ಹೆಂಗಸರು ನಾಚುತ್ತಾರೆ. ರಕ್ತವಾದರೆ ಕೈ ಚಾಚುತ್ತಾರೆ. ಈ ದೃಷ್ಟಿಯಿಂದ ರಕ್ತಪರೀಕ್ಷೆಯೇ ಮೇಲಲ್ಲವೇ?

ಬಹಳ ಒಳ್ಳೆ ಪ್ರಶ್ನೆ, ನನ್ನ ದೊಡ್ಡಮ್ಮನ ಪ್ರಶ್ನೆಯೂ ಇದೇ. ರಕ್ತಕ್ಕೆ ನಾಚಿಕೆ ಇಲ್ಲ, ಅದು ಅದರ ದೊಡ್ಡ ಗುಣ. ಆದರೆ ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಹೆಂಗಸರು ತಾವೇ ಮನೆಯಲ್ಲಿ ತೆಗೆದುಕೊಡಬಹುದು. ಆಶಾ ಕಾರ್ಯಕರ್ತೆ ಒಂದು ಕಡ್ಡಿ ಕೊಟ್ಟು, ಬಾಗಿಲ ಹೊರಗೆ ಕಾದು, ತಗೊಂಡು ಹೋಗಬಹುದು. ಗರ್ಭಕೊರಳಿನ ಮಟ್ಟಿಗೆ ಭವಿಷ್ಯ ಅಲ್ಲಿದೆ ಅಂತ ನನ್ನ ಅನಿಸಿಕೆ.

ಪ್ರಶ್ನೆ: ನಿಮ್ಮ ತಂಗಿ ಈಗ ಹೇಗಿದಾರೆ?

ಚೆನ್ನಾಗಿದಾಳೆ. ಬಳೆ ಬಿಡಿಸಿಕೊಂಡಳು. ಇಷ್ಟೆಲ್ಲ ಓಡಾಡಿದವಳಿಗೆ ಗರ್ಭಕೊರಳಿನ ತಪಾಸಣೆ ಮಾತ್ರ ಯಾರೂ ಮಾಡಿಸಿರಲಿಲ್ಲ. ಈ ಉಪನ್ಯಾಸ ಬರೆಯುವಾಗ ಅದು ನನಗೆ ಹೊಳೆದು, ಫೋನ್ ಮಾಡಿದೆ. ಹೋದ ತಿಂಗಳು ಅಮ್ಮನನ್ನೂ ಜೊತೆಗೆ ಕರಕೊಂಡು ಹೋಗಿ ಮಾಡಿಸಿಕೊಂಡು ಬಂದಳು.